ಅಪ್ಪನಿಗೆ ಟ್ಯಾಲಿ, ಅಕ್ಕನಿಗೆ ನುಡಿ, ನಮಗೆ ಆಟ: ಮನೆಗೆ ಒಂದೇ ಇರುವ ಕಂಪ್ಯೂಟರಿಗೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ನಮ್ಮದು ಗಂಗಾವತಿ. ಮನೆಗೆಲ್ಲ ಒಂದೇ ಡೆಸ್ಕ್‌ಟಾಪ್. ಇಂಟೆಲ್ ಐ5 6ನೇ ತಲೆಮಾರು, 8 ಜಿ.ಬಿ. ರ‍್ಯಾಮ್, 1 ಟಿ.ಬಿ. ಹಾರ್ಡ್ ಡಿಸ್ಕ್, ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ ಕಾರ್ಡು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದೆ. 11 ಹಾಕಲು ಹೋದರೆ ಈ ಪ್ರೊಸೆಸರ್ ನಡೆಯದು ಅನ್ನುತ್ತದೆ. ಅಪ್ಪ ಅಕ್ಕಿ ವ್ಯಾಪಾರದ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ, ಅಕ್ಕ ನುಡಿಯಲ್ಲಿ ಟೈಪ್ ಮಾಡುತ್ತಾಳೆ. ನಾನು, ತಮ್ಮ ಆಡುವುದು ಜಿಟಿಎ 5, ಕೌಂಟರ್-ಸ್ಟ್ರೈಕ್ 2, ಮೈನ್‌ಕ್ರಾಫ್ಟ್. ತಮ್ಮನಿಗೆ ವ್ಯಾಲೊರಂಟ್ ಕೂಡ ಬೇಕು. ಲಿನಕ್ಸ್ ಹಾಕಿದರೆ ಎಲ್ಲರ ಕೆಲಸ ನಡೆಯುತ್ತದೆಯೇ? ವಿಂಡೋಸ್ ಪೂರ್ತಿ ತೆಗೆಯಬಹುದೇ?

ಉತ್ತರ: ಎಲ್ಲರ ಕೆಲಸವೂ ನಡೆಯುತ್ತದೆ, ವಿಂಡೋಸನ್ನು ತೆಗೆಯದಿದ್ದರೆ. ಲಿನಕ್ಸ್ ಎಂದರೆ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ, ಉಚಿತವಾಗಿ ಸಿಗುವ ಇನ್ನೊಂದು ವ್ಯವಸ್ಥೆ. ನಿಮ್ಮ ಮನೆಯಲ್ಲಿ ಎರಡು ವಿಷಯ ಲಿನಕ್ಸಿಗೆ ಒಗ್ಗುವುದಿಲ್ಲ: ತಂದೆಯವರ ಟ್ಯಾಲಿ, ತಮ್ಮನ ವ್ಯಾಲೊರಂಟ್. ಜಿಟಿಎ 5ರ ಆನ್‌ಲೈನ್ ಭಾಗ ಬಿಟ್ಟರೆ ಉಳಿದಿದ್ದೆಲ್ಲ ಒಗ್ಗುತ್ತದೆ. ಹಾಗಾಗಿ ಲಿನಕ್ಸಿಗೆ ಬೇರೆ ಡಿಸ್ಕ್ ಹಾಕಿ, ಹಳೆಯ ಡಿಸ್ಕನ್ನು ಇದ್ದ ಹಾಗೇ ಬಿಡಿ.

ಮೊದಲು ಆಟದ ಮಾತು, ಯಾಕೆಂದರೆ ನಿರ್ಧಾರ ಅಲ್ಲೇ ಆಗುವುದು. ವಿಂಡೋಸಿಗಾಗಿ ಬರೆದ ಆಟ ಲಿನಕ್ಸಿನಲ್ಲಿ ಓಡುವುದು ಪ್ರೋಟಾನ್ ಎಂಬ ಪದರದ ಮೇಲೆ. ವಾಲ್ವ್ ಕಂಪನಿ 2018ರಲ್ಲಿ ಇದನ್ನು ಆಟ ಕೊಂಡು ಆಡುವ ತನ್ನ ತಂತ್ರಾಂಶವಾದ ಸ್ಟೀಮ್ ಒಳಗೇ ಸೇರಿಸಿತು. ಆಟವು ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ‘ಈ ಚಿತ್ರ ಬಿಡಿಸು’ ಎಂದು ಕೇಳಿದರೆ, ಪ್ರೋಟಾನ್ ಅದನ್ನು ವಲ್ಕನ್ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತದೆ. ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಇದರಲ್ಲಿ ಸಲೀಸಾಗಿ ಓಡುತ್ತವೆ. ತೊಡಕು ಬರುವುದು ಆನ್‌ಲೈನ್ ಆಟಗಳ ಮೋಸ ತಡೆಯುವ ತಂತ್ರಾಂಶದಿಂದ, ಅಂದರೆ ಆಂಟಿ-ಚೀಟ್‌ನಿಂದ.

ವ್ಯಾಲೊರಂಟ್‌ನ ಆಂಟಿ-ಚೀಟ್ ವ್ಯಾನ್‌ಗಾರ್ಡ್ ವಿಂಡೋಸಿನ ತಿರುಳಾದ ಕರ್ನಲ್ಲಿನ ಒಳಗೆ ಕೂತು ಕಾವಲು ಕಾಯುತ್ತದೆ. ಲಿನಕ್ಸಿನಲ್ಲಿ ಆ ಕರ್ನಲ್ಲೇ ಇಲ್ಲವಾದ್ದರಿಂದ ಯಾವ ಉಪಾಯವೂ ಸಾಗದು. ವರ್ಚುವಲ್ ಮೆಷಿನ್ (ಲಿನಕ್ಸಿನೊಳಗೇ ಓಡುವ ತೋರಿಕೆಯ ಕಂಪ್ಯೂಟರ್) ಒಳಗೆ ವಿಂಡೋಸ್ ಹಾಕಿ ಆಡಿಸಲು ಹೋಗಬೇಡಿ; ಆಟ ತೆರೆಯುವುದಿಲ್ಲ, ಕಣ್ಣು ತಪ್ಪಿಸುವ ದಾರಿ ಹುಡುಕಿದರೆ ತಮ್ಮನ ಖಾತೆಯೇ ನಿಷೇಧಕ್ಕೆ ಒಳಗಾಗಬಹುದು. ಫೋರ್ಟ್‌ನೈಟ್, ಪಬ್‌ಜಿ, ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಕೂಡ ಲಿನಕ್ಸಿನಲ್ಲಿ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಓಡುತ್ತಿತ್ತು, 2024ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಜಿಟಿಎ 5ರದ್ದು ಅರ್ಧ ಸಿಹಿ ಅರ್ಧ ಕಹಿ: ಕಥೆಯ ಆಟ ಚೆನ್ನಾಗಿ ನಡೆಯುತ್ತದೆ, ಆನ್‌ಲೈನ್ ಮಾತ್ರ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಎಂಬ ಆಂಟಿ-ಚೀಟ್ ಸೇರಿಸಿದ ಮೇಲೆ ಲಿನಕ್ಸಿನಲ್ಲಿ ನಿಂತಿದೆ. ಕೌಂಟರ್-ಸ್ಟ್ರೈಕ್ 2 ಮತ್ತು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಪ್ರೋಟಾನ್ ಸಹ ಬೇಡ, ಲಿನಕ್ಸಿಗೆಂದೇ ಮಾಡಿದ ರೂಪ ಇದೆ. ಮೈನ್‌ಕ್ರಾಫ್ಟ್‌ನ ಬೆಡ್‌ರಾಕ್ ಆವೃತ್ತಿಗೆ ಅದು ಇಲ್ಲ, ನಿಮ್ಮದು ಯಾವುದೆಂದು ಮೊದಲೇ ನೋಡಿಕೊಳ್ಳಿ. ಬೇರೆ ಆಟಗಳ ಹೆಸರನ್ನು ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕಿ. ಪ್ಲಾಟಿನಂ, ಗೋಲ್ಡ್ ಎಂದಿದ್ದರೆ ನಿಶ್ಚಿಂತೆ. ಸಿಲ್ವರ್, ಬ್ರಾಂಜ್ ಇದ್ದರೆ ನಿಮ್ಮಂಥದೇ ಕಾರ್ಡು ಇರುವವರು ಈಚೆಗೆ ಬರೆದ ಅನುಭವ ಓದಿ. ಬೋರ್ಕ್ಡ್ ಎಂದಿದ್ದರೆ ಬಿಟ್ಟುಬಿಡಿ.

ಇನ್ನು ಯಂತ್ರ. ನಿಮ್ಮ 1050 ಟಿಐ ಈ ಕೆಲಸಕ್ಕೆ ಸಾಕು. ಓದುವ ಬೇರೆಯವರ ಬಳಿ ಜಿಟಿ 710, 730ರಂಥ ಹಳೆಯ ಕಾರ್ಡು ಇದ್ದರೆ ಒಂದು ಎಚ್ಚರಿಕೆ: ಅವುಗಳಲ್ಲಿ ಕೆಪ್ಲರ್ ಚಿಪ್ ಇರುವವಕ್ಕೆ ಸಿಗುವುದು 470ರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಅದು ವಲ್ಕನ್ 1.2ಕ್ಕೆ ನಿಲ್ಲುತ್ತದೆ. ಹೊಸ ಪ್ರೋಟಾನ್ ಕೇಳುವುದು 1.3. ಆಟ ತೆರೆದ ಹಾಗೆ ಮಾಡಿ ಮುಚ್ಚಿಕೊಳ್ಳುವುದು ಇದರಿಂದಲೇ. ಅಂಥವರು ಆಟದ ಪ್ರಾಪರ್ಟೀಸ್‌ನಲ್ಲಿ ಪ್ರೋಟಾನ್ 7 ಆರಿಸಿ ನೋಡಬಹುದು. ನಿಮಗೆ ಆ ತೊಂದರೆ ಇಲ್ಲ.

ನೀವು ದುಡ್ಡು ಹಾಕಬೇಕಾದ್ದು ಒಂದಕ್ಕೇ: 480 ಅಥವಾ 500 ಜಿ.ಬಿ.ಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 240 ಸಾಲದು, ಜಿಟಿಎ 5 ಒಂದೇ 100 ಜಿ.ಬಿ.ಗೂ ಹೆಚ್ಚು ಜಾಗ ತಿನ್ನುತ್ತದೆ, ಕೌಂಟರ್-ಸ್ಟ್ರೈಕ್‌ಗೆ 85 ಇಡಬೇಕು. ಜೊತೆಗೆ ಒಂದು ಸಾಟಾ ಡೇಟಾ ಕೇಬಲ್ ಕೊಳ್ಳಿ, ಎಸ್‌ಎಸ್‌ಡಿ ಡಬ್ಬಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಪವರ್ ತಂತಿಗೆ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಖಾಲಿ ಸಾಟಾ ಕೊನೆ ಇದೆಯೇ ನೋಡಿ. ಕೈಯಲ್ಲಿ ಇನ್ನಷ್ಟು ಇದ್ದರೆ 8 ಜಿ.ಬಿ. ರ‍್ಯಾಮ್ ಸೇರಿಸಿ. 6ನೇ ತಲೆಮಾರಿನ ಬೋರ್ಡುಗಳಲ್ಲಿ ಡಿಡಿಆರ್4 ಹೆಚ್ಚು, ಡಿಡಿಆರ್3 ಬಗೆಯವೂ ಇವೆ. ಈಗ ಇರುವ ಕಡ್ಡಿಯನ್ನು ಬಿಚ್ಚಿ ಅದರ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಒಂದೇ ಹಾರ್ಡ್ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಹಾಕಬಹುದು ಎಂದು ಯಾರಾದರೂ ಹೇಳುತ್ತಾರೆ. ಆಗುತ್ತದೆ, ಆದರೆ ವ್ಯಾಪಾರದ ಲೆಕ್ಕ ಇರುವ ಡಿಸ್ಕಿನಲ್ಲಿ ಅದನ್ನು ಮಾಡಬೇಡಿ. ಪಾಲು ಮಾಡುವಾಗ ಕರೆಂಟ್ ಹೋದರೆ ಕಡತಗಳಿಗೆ ಪೆಟ್ಟು ಬೀಳುತ್ತದೆ, ಆಮೇಲೂ ವಿಂಡೋಸ್ ಅಪ್‌ಡೇಟ್ ಬಂದಾಗ ಲಿನಕ್ಸಿನ ಬೂಟ್ ದಾರಿ ತಪ್ಪುವುದುಂಟು. ಬೇರೆ ಡಿಸ್ಕ್ ಆದರೆ ಒಂದಕ್ಕೊಂದರ ಗೊಡವೆ ಇಲ್ಲ.

ಹಾಕುವ ಮೊದಲು ವಿಂಡೋಸಿನಲ್ಲಿ ಮೂರು ಕೆಲಸ ಮುಗಿಸಿ. ಟ್ಯಾಲಿ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಆ ಪೆನ್‌ಡ್ರೈವನ್ನು ತಂದೆಯವರ ಕೈಗೇ ಕೊಟ್ಟು ಬೀರುವಿನಲ್ಲಿ ಇಡಿಸಿ. ಎರಡನೆಯದು, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿ. ಅದು ಇದ್ದರೆ ವಿಂಡೋಸ್ ನಿಜವಾಗಿ ಆರುವುದಿಲ್ಲ, ಅರೆನಿದ್ರೆಯಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಮೂರನೆಯದು ಲಿನಕ್ಸ್ ಮಿಂಟ್ 22ರ ಸಿನಮನ್ ಆವೃತ್ತಿಯ ಐಎಸ್‌ಒ ಕಡತ, ಅಂದರೆ ಇನ್‌ಸ್ಟಾಲ್ ಮಾಡುವ ಡಿಸ್ಕಿನ ಪೂರ್ತಿ ಪ್ರತಿ. ಅದು ಸುಮಾರು 3 ಜಿ.ಬಿ. ಇರುತ್ತದೆ, ಮೊಬೈಲಿನ ದಿನದ ಡೇಟಾ ಮುಗಿಯುವಂತಿದ್ದರೆ ವೈಫೈ ಇರುವ ಕಡೆ ಇಳಿಸಿಕೊಳ್ಳಿ. ರುಫಸ್ ಅಥವಾ ಬಲೆನಾ ಎಚರ್‌ನಿಂದ 8 ಜಿ.ಬಿ.ಯ ಇನ್ನೊಂದು ಪೆನ್‌ಡ್ರೈವಿಗೆ ಬರೆಯಿರಿ, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಆಟಕ್ಕೆಂದೇ ಮಾಡಿದ ಬೇರೆ ಲಿನಕ್ಸ್‌ಗಳೂ ಇವೆ. ಆದರೆ ಮನೆಮಂದಿಯೆಲ್ಲ ಕೂರುವ ಕಂಪ್ಯೂಟರಿಗೆ ಮಿಂಟ್ ಸರಿ, ಅದರ ಮೆನು ವಿಂಡೋಸಿನ ಹಾಗೇ ಎಡ ಮೂಲೆಯಲ್ಲಿ ಕೂತಿದೆ, 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಇದೆ.

ಈಗ ಪೆಟ್ಟಿಗೆ ತೆರೆಯಿರಿ. ಕರೆಂಟ್ ಪ್ಲಗ್ ಕಿತ್ತು, ಹಳೆಯ ಹಾರ್ಡ್ ಡಿಸ್ಕಿನ ಸಾಟಾ ಡೇಟಾ ಕೇಬಲನ್ನು ಬಿಚ್ಚಿಡಿ. ಹೊಸ ಎಸ್‌ಎಸ್‌ಡಿಯನ್ನು ಮಾತ್ರ ಜೋಡಿಸಿ. ಈ ಒಂದು ಕೇಬಲ್ ಬಿಚ್ಚುವುದು ಇಡೀ ಕೆಲಸದ ಅತಿ ಮುಖ್ಯ ಹೆಜ್ಜೆ. ಆಮೇಲೆ ಇನ್‌ಸ್ಟಾಲರ್ ‘ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ’ ಎಂದು ಕೇಳಿದಾಗ ಧೈರ್ಯವಾಗಿ ಹೂಂ ಅನ್ನಬಹುದು, ಅಳಿಸಲು ಬೇರೆ ಡಿಸ್ಕೇ ಇರುವುದಿಲ್ಲ. ಕ್ಯಾಬಿನೆಟ್ ತೆರೆದಾಗಲೇ ಫ್ಯಾನುಗಳ ಧೂಳನ್ನೂ ಬ್ರಶ್‌ನಿಂದ ತೆಗೆಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಹತ್ತಿರದಲ್ಲಿ ರೈಸ್‌ಮಿಲ್ ಇದ್ದರೆ ಹೊಟ್ಟಿನ ಧೂಳು ಹೀಟ್‌ಸಿಂಕಿಗೆ ಕಂಬಳಿಯ ಹಾಗೆ ಹೊದ್ದುಕೊಳ್ಳುತ್ತದೆ. ಆಟದ ವೇಗ ಕುಗ್ಗಿದರೆ ಜನ ಲಿನಕ್ಸನ್ನು ಬಯ್ಯುತ್ತಾರೆ, ಎಷ್ಟೋ ಸಲ ಕಾರಣ ಈ ಕಂಬಳಿ.

ಬೂಟ್ ಮೆನುವಿಗೆ ಬೋರ್ಡಿನ ಕಂಪನಿ ನೋಡಿ ಕೀಲಿ ಒತ್ತಿ: ಗಿಗಾಬೈಟ್, ಡೆಲ್, ಲೆನೊವೊಗೆ ಎಫ್12, ಆಸುಸ್‌ಗೆ ಎಫ್8, ಎಂಎಸ್‌ಐಗೆ ಎಫ್11, ಎಚ್‌ಪಿಗೆ ಎಫ್9. ಪೆನ್‌ಡ್ರೈವ್ ಎರಡು ಸಲ ಕಂಡರೆ ಮುಂದೆ ಯುಇಎಫ್‌ಐ ಎಂದಿರುವುದನ್ನು ಆರಿಸಿ. ತೆರೆಯುವುದು ಲೈವ್ ಮಿಂಟ್, ಇನ್ನೂ ಏನೂ ಹಾಕಿರುವುದಿಲ್ಲ. ಅಲ್ಲೇ ಧ್ವನಿ, ವೈಫೈ, ಪ್ರಿಂಟರ್ ಪರೀಕ್ಷಿಸಿ. ವೈಫೈ ಡಾಂಗಲ್ ಹಿಡಿಯದಿದ್ದರೆ ಗಾಬರಿ ಬೇಡ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಡ್ರೈವರ್ ಅದರಿಂದಲೇ ಇಳಿಸಿಕೊಳ್ಳಬಹುದು. ಪ್ರಿಂಟರ್‌ಗಳಲ್ಲಿ ಎಚ್‌ಪಿಯವು ಬಹುತೇಕ ಸುಲಭ. ನಮ್ಮೂರ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಾನಾಗಿ ಹಿಡಿಯದು. ನಿಮ್ಮದು ಅದೇ ಆಗಿದ್ದರೆ ಮುದ್ರಣವನ್ನು ವಿಂಡೋಸಿನಲ್ಲೇ ಇಟ್ಟುಕೊಳ್ಳಿ.

ಹಾಕುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ‘ಮಲ್ಟಿಮೀಡಿಯಾ ಕೋಡೆಕ್ಸ್’ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಮಾಡಿ. ಮುಗಿದ ಮೇಲೆ ಆರಿಸಿ, ಪ್ಲಗ್ ಕಿತ್ತು, ಹಳೆಯ ಡಿಸ್ಕಿನ ಕೇಬಲನ್ನು ಮತ್ತೆ ಸಿಕ್ಕಿಸಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ಇಡಿ. ತಂದೆಯವರಿಗೆ ವಿಂಡೋಸ್ ಬೇಕಾದಾಗ ಅದೇ ಬೂಟ್ ಮೆನು ಕೀಲಿ. ಆ ಕೀಲಿಯ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿಕೊಡಿ.

ಎರಡೂ ಕಡೆ ಹೋಗಿಬಂದ ಮೇಲೆ ಗಡಿಯಾರ ಐದೂವರೆ ಗಂಟೆ ತಪ್ಪು ತೋರಿಸುತ್ತದೆ. ಬ್ಯಾಟರಿ ಹೋಯಿತು ಅಂದುಕೊಳ್ಳಬೇಡಿ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ನಮ್ಮ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಗ್ರೀನಿಚ್ ಸಮಯವೆಂದು ಓದುತ್ತದೆ; ಭಾರತದ ಅಂತರ ಅಷ್ಟೇ ತಾನೆ, 5 ಗಂಟೆ 30 ನಿಮಿಷ. ಟ್ಯಾಲಿಯಲ್ಲಿ ತಾರೀಖು ಹೆಚ್ಚುಕಮ್ಮಿಯಾದೀತು, ಆದ್ದರಿಂದ ಮೊದಲ ದಿನವೇ ಸರಿಪಡಿಸಿ: ಲಿನಕ್ಸಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಮುಂದೆ ‘ಸೆಟ್-ಲೋಕಲ್-ಆರ್‌ಟಿಸಿ’ ಎಂದು ಬರೆದು 1 ಕೊಟ್ಟರೆ (timedatectl set-local-rtc 1) ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಮುಂದೆ ಡ್ರೈವರ್ ಮ್ಯಾನೇಜರ್ ತೆರೆಯಿರಿ. ನಿಮ್ಮ ಕಾರ್ಡು ಪ್ಯಾಸ್ಕಲ್ ಕುಲದ್ದು, ಅದಕ್ಕೆ ಎನ್‌ವಿಡಿಯಾ ಕೊಡುವ ಕೊನೆಯ ಸಾಲು 580. ಪಟ್ಟಿಯಲ್ಲಿ ಅದನ್ನೇ ಆರಿಸಿ, ಮುಂದೆ 590 ಅಥವಾ ಇನ್ನೂ ದೊಡ್ಡ ಅಂಕೆ ಕಂಡರೂ ಹೋಗಬೇಡಿ. ಹೆಸರಿನ ಕೊನೆಯಲ್ಲಿ ‘ಓಪನ್’ ಎಂದಿರುವ ರೂಪವನ್ನೂ ಬಿಡಿ. ಅದು ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅದರಾಚೆಯ ಕಾರ್ಡುಗಳಿಗೆ. 1050 ಟಿಐಗೆ ಹಾಕಿದರೆ ಡ್ರೈವರ್ ಕಾರ್ಡನ್ನು ಹಿಡಿಯುವುದೇ ಇಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಎಷ್ಟೋ ಜನ ಇದನ್ನು ದೋಷವೆಂದು ತಿಳಿದು ‘ಕಂಟಿನ್ಯೂ’ ಒತ್ತಿಬಿಡುತ್ತಾರೆ, ಆಗ ಡ್ರೈವರ್ ಹತ್ತುವುದಿಲ್ಲ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಇನ್ನೊಂದು ಮಾತು: ಯಾವಾಗ ಎನ್‌ವಿಡಿಯಾ ಅಪ್‌ಡೇಟ್ ಬಂದರೂ ರೀಸ್ಟಾರ್ಟ್ ಮಾಡದೆ ಆಟ ತೆರೆಯಬೇಡಿ. ಕರ್ನಲ್ಲಿನಲ್ಲಿ ಹಳೆಯ ಡ್ರೈವರ್, ಡಿಸ್ಕಿನಲ್ಲಿ ಹೊಸದು ಆಗಿ ಒಂದಕ್ಕೊಂದು ತಾಳೆಯಾಗದೆ ಆಟ ಸುಮ್ಮನೆ ಮುಚ್ಚಿಕೊಳ್ಳುತ್ತದೆ.

ಈಗ ಹಂಚಿಕೊಂಡು ಬಳಸುವ ಕಂಪ್ಯೂಟರಿನ ನಿಜವಾದ ತೊಡಕಿಗೆ ಬರೋಣ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಳಕೆದಾರ ಖಾತೆ ಮಾಡುವುದು ಸರಿಯಾದ ಪದ್ಧತಿ. ಆದರೆ ಸ್ಟೀಮ್ ತನ್ನ ಆಟಗಳನ್ನು ಆಯಾ ಖಾತೆಯ ಹೋಮ್ ಫೋಲ್ಡರಿನಲ್ಲಿ ಇಡುತ್ತದೆ. ನಿಮ್ಮ ಖಾತೆಯಲ್ಲೊಂದು ಜಿಟಿಎ, ತಮ್ಮನದರಲ್ಲೊಂದು ಜಿಟಿಎ ಆದರೆ ಎಸ್‌ಎಸ್‌ಡಿಯ ಹೆಚ್ಚುಕಡಿಮೆ ಅರ್ಧ ಜಾಗ ತುಂಬಿಹೋಗುತ್ತದೆ. ಸರಿ, ಇಬ್ಬರಿಗೂ ಸೇರಿದ ಫೋಲ್ಡರಿನಲ್ಲಿ ಇಡೋಣ ಎಂದು ಹೊರಟರೆ ಇನ್ನೊಂದು ಗೋಡೆ: ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ‘ಸಿ ಡ್ರೈವ್’ ಕಟ್ಟುತ್ತದೆ, ಅದನ್ನು ಕಟ್ಟಿದ ಬಳಕೆದಾರನ ಹೊರತು ಇನ್ನೊಬ್ಬರು ತೆರೆದರೆ ‘ಇದು ನಿನ್ನದಲ್ಲ’ ಎಂದು ನಿಂತುಬಿಡುತ್ತದೆ. ಎಷ್ಟು ಅನುಮತಿ ತಿದ್ದಿದರೂ ಮತ್ತೆ ಮತ್ತೆ ಕೈಕೊಡುವ ವ್ಯವಸ್ಥೆ ಇದು. ಸುಲಭದ ದಾರಿ, ‘ಆಟ’ ಎಂಬ ಹೆಸರಿನಲ್ಲಿ ಒಂದೇ ಖಾತೆ. ಲಾಗಿನ್ ಹೆಸರು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಇರಬೇಕು, ಪರದೆಯಲ್ಲಿ ತೋರುವ ಹೆಸರು ಕನ್ನಡದಲ್ಲಿ ಇರಬಹುದು. ಅದರೊಳಗೆ ಸ್ಟೀಮ್ ಒಂದೇ. ನೀವೂ ತಮ್ಮನೂ ನಿಮ್ಮ ನಿಮ್ಮ ಸ್ಟೀಮ್ ಖಾತೆಗೆ ಬದಲಾಯಿಸಿಕೊಂಡು ಆಡಿ, ಆಟದ ಕಡತ ಒಂದೇ ಪ್ರತಿ ಸಾಕು. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ 6 ಜನರವರೆಗೆ ಸೇರಬಹುದು, ಹಂಚಲು ಬಿಟ್ಟಿರುವ ಆಟಗಳನ್ನು ಒಬ್ಬರು ಕೊಂಡರೆ ಇನ್ನೊಬ್ಬರೂ ಆಡಬಹುದು.

ಈ ಏರ್ಪಾಡಿನ ಇನ್ನೊಂದು ಲಾಭ ತಾಯಿ ತಂದೆಗೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ‘ಟೈಮ್‌ಕೆಪಿಆರ್’ ಹಾಕಿ ‘ಆಟ’ ಖಾತೆಗೆ ಮಾತ್ರ ದಿನಕ್ಕೆ ಒಂದು ಗಂಟೆ, ಭಾನುವಾರ ಮೂರು ಗಂಟೆ ಎಂದು ಕಟ್ಟಬಹುದು. ಅಕ್ಕನ ಕೆಲಸಕ್ಕೆ ಯಾವ ಮಿತಿಯೂ ತಾಗುವುದಿಲ್ಲ. ಅಡ್ಮಿನ್ ಅಧಿಕಾರ ‘ಆಟ’ ಖಾತೆಗೆ ಬೇಡ. ಆಡಿ ಮುಗಿದ ಮೇಲೆ ‘ಸ್ವಿಚ್ ಯೂಸರ್’ ಒತ್ತಿ ಎದ್ದುಹೋಗದೆ ಲಾಗ್ ಔಟ್ ಆಗುವುದನ್ನು ಇಬ್ಬರೂ ರೂಢಿ ಮಾಡಿಕೊಳ್ಳಿ, ಇಲ್ಲದಿದ್ದರೆ ಹಿಂದೆ ತೆರೆದೇ ಇರುವ ಆಟ 8 ಜಿ.ಬಿ. ರ‍್ಯಾಮನ್ನು ನುಂಗಿ ಅಕ್ಕನಿಗೆ ಒಂದು ಪುಟ ತೆರೆಯಲೂ ನಿಮಿಷ ಹಿಡಿಯುತ್ತದೆ.

ಸ್ಟೀಮನ್ನು ಅದರ ತಾಣದಲ್ಲಿ ಸಿಗುವ ಡೆಬ್ ಕಡತದಿಂದ ಹಾಕಿ. ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ‘ಸ್ಟೀಮ್ ಪ್ಲೇ’ ಎಲ್ಲ ಆಟಗಳಿಗೂ ಆನ್ ಇರಬೇಕು, ಹೊಸ ಸ್ಟೀಮ್‌ನಲ್ಲಿ ತಾನಾಗಿಯೇ ಇರುತ್ತದೆ. ಜಿಟಿಎಯನ್ನು ಮತ್ತೆ 100 ಜಿ.ಬಿ. ಇಳಿಸಬೇಕಿಲ್ಲ. ವಿಂಡೋಸ್ ಡಿಸ್ಕಿನ ‘ಸ್ಟೀಮ್‌ಆಪ್ಸ್’ ಒಳಗಿನ ‘ಕಾಮನ್’ ಫೋಲ್ಡರಿನಿಂದ ಆಟದ ಫೋಲ್ಡರನ್ನು ಲಿನಕ್ಸ್ ಸ್ಟೀಮ್‌ನ ‘ಕಾಮನ್’ಗೆ ನಕಲು ಮಾಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಇದ್ದುದನ್ನು ಪರೀಕ್ಷಿಸಿ, ಕೊರತೆ ಬಿದ್ದುದನ್ನು ಮಾತ್ರ ತರಿಸಿಕೊಳ್ಳುತ್ತದೆ. ಕೌಂಟರ್-ಸ್ಟ್ರೈಕ್ 2ರ ಫೋಲ್ಡರ್ ಈಗಲೂ ಹಳೆಯ ‘ಗ್ಲೋಬಲ್ ಅಫೆನ್ಸಿವ್’ ಹೆಸರಿನಲ್ಲೇ ಇದೆ, ಸಿಗಲಿಲ್ಲವೆಂದು ಹುಡುಕಾಡಬೇಡಿ. ಜಿಟಿಎ 5ರಲ್ಲಿ ‘ಲೆಗಸಿ’ ಎಂಬುದೇ ನಿಮ್ಮ ಕಾರ್ಡಿಗೆ, 2025ರಲ್ಲಿ ಬಂದ ‘ಎನ್‌ಹ್ಯಾನ್ಸ್ಡ್’ ಇದಕ್ಕೆ ಭಾರ. ಒಮ್ಮೆ ಆಟ ತೆರೆದು ಮುಚ್ಚಿದ ಮೇಲೆ ಲಿನಕ್ಸಿನ ‘ಸ್ಟೀಮ್‌ಆಪ್ಸ್’ನಲ್ಲಿರುವ ‘ಕಾಂಪ್ಯಾಟ್‌ಡೇಟಾ’ ಒಳಗೆ 271590 ಎಂಬ ಫೋಲ್ಡರ್ ಹುಟ್ಟುತ್ತದೆ. ಅದರೊಳಗಿನ ಡಾಕ್ಯುಮೆಂಟ್ಸ್‌ನಲ್ಲಿ ರಾಕ್‌ಸ್ಟಾರ್ ಫೋಲ್ಡರ್ ಹುಡುಕಿ, ವಿಂಡೋಸಿನ ‘ಪ್ರೊಫೈಲ್ಸ್’ ತಂದು ಹಾಕಿದರೆ ಕಥೆ ನಿಂತ ಜಾಗದಿಂದ ಮುಂದುವರಿಯುತ್ತದೆ.

ಜಾಗ ಉಳಿಯಲಿ ಎಂದು ಹಳೆಯ ಡಿಸ್ಕಿನ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತ ಇಡುವ ಪದ್ಧತಿ) ಭಾಗದಿಂದಲೇ ನೇರ ಆಡಬೇಡಿ. ಪ್ರೋಟಾನಿನ ನಕಲಿ ಡ್ರೈವಿನಲ್ಲಿ ಹೆಸರಿನ ಜೊತೆ ಅಪೂರ್ಣ ವಿರಾಮದ ಎರಡು ಚುಕ್ಕಿ ಇರುವ ಕೊಂಡಿಗಳಿವೆ, ವಿಂಡೋಸ್ ಅಂಥ ಹೆಸರನ್ನು ಒಪ್ಪುವುದಿಲ್ಲ. ಆಟ ಕೆಡುವುದು ಒಂದು ಕಡೆ, ಟ್ಯಾಲಿ ಇರುವ ಡಿಸ್ಕಿನಲ್ಲಿ ದೋಷಗಳು ಹುಟ್ಟುವುದು ಇನ್ನೊಂದು ಕಡೆ.

ಮೊದಲ ಸಲ ‘ವಲ್ಕನ್ ಶೇಡರ್’ ಎಂದು ಹತ್ತಾರು ನಿಮಿಷ ಓಡಿದರೆ ಕಾಯಿರಿ. ಅದನ್ನು ಹಾರಿಸಿದರೆ ಆಟದ ನಡುವೆ ತಡವರಿಸುತ್ತದೆ. ಆಟವೇ ತೆರೆಯದಿದ್ದರೆ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್, ಅದೂ ಆಗದಿದ್ದರೆ ಪ್ರೋಟಾನ್ 9 ಹಾಕಿ ನೋಡಿ. ಎಪಿಕ್‌ನಲ್ಲಿ ಕೊಂಡ ಆಟಗಳಿಗೆ ಹೀರೋಯಿಕ್ ಲಾಂಚರ್ ಇದೆ.

ಅಕ್ಕನ ವಿಷಯ. ನುಡಿ ತಂತ್ರಾಂಶ ಬೇಡ, ನುಡಿಯ ಕೀಲಿಮಣೆ ಲಿನಕ್ಸಿನಲ್ಲೇ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ಸ್‌ನಲ್ಲಿ ‘ಕನ್ನಡ, ಕಗಪ’ ಸೇರಿಸಿ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಎಂದೇ ಮೂಡುತ್ತದೆ, ಒತ್ತಕ್ಷರಕ್ಕೆ ಅದೇ ಎಫ್. ಒಂದು ವ್ಯತ್ಯಾಸ ಅವರ ಬೆರಳಿಗೆ ತಟ್ಟುತ್ತದೆ: ಪದದ ಆರಂಭದಲ್ಲಿ ಇ, ಎ, ಒ ಬೇಕಾದಾಗ ಬಲಗಡೆಯ ಆಲ್ಟ್ ಹಿಡಿಯಬೇಕು. ಅದು ಕಿರಿಕಿರಿ ಅನ್ನಿಸಿದರೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ, ಅದರಲ್ಲಿನ ಕಗಪ ವಿನ್ಯಾಸ ಆರಿಸಿ. ಸ್ವರವೋ ಗುಣಿತವೋ ಎಂದು ತಾನೇ ತಿಳಿದುಕೊಳ್ಳುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತಗಳು ಲಿಬ್ರೆಆಫೀಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಆ ಫಾಂಟು ಇಲ್ಲಿಲ್ಲ ಅಷ್ಟೇ. ಯೂನಿಕೋಡಿಗೆ ಮಾರ್ಪಡಿಸಿಕೊಳ್ಳಿ, ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿ.

ವ್ಯವಸ್ಥೆ ಎಲ್ಲ ಕೂತ ದಿನ ಟೈಮ್‌ಶಿಫ್ಟ್ ತಂತ್ರಾಂಶದಿಂದ ಆ ಹೊತ್ತಿನ ಸ್ಥಿತಿಯ ಒಂದು ನಕಲು ಹಿಡಿದಿಡಿ, ಕೆಟ್ಟರೆ ಅಲ್ಲಿಗೇ ಮರಳಬಹುದು. ಅದು ವ್ಯವಸ್ಥೆಯ ಕಡತಗಳನ್ನಷ್ಟೇ ಕಾಯುತ್ತದೆ, ಅಕ್ಕನ ಕಡತಗಳ ನಕಲು ಬೇರೆಯೇ ಇಡಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಮತ್ತೆ ಏಳದಿದ್ದರೆ ಕಂಪ್ಯೂಟರ್ ಏಳುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ರಿಕವರಿ ಮೋಡ್, ಅದರಲ್ಲಿ ‘ಡಿಪಿಕೆಜಿ’ ಎಂಬ ಸಾಲು. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಪೂರ್ತಿ ಮಾಡುತ್ತದೆ.

ಕೊನೆಗೆ ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ವಿಸ್ತರಣೆ ಇದೆ. ಅದರ ಬಳಿಕ ವಿಂಡೋಸ್ ಕಡೆ ನೆಟ್ ಬಳಕೆ ಕಡಿಮೆ ಮಾಡಿ, ಬ್ಯಾಂಕು, ಮೇಲ್, ಜಿಎಸ್‌ಟಿ ಪೋರ್ಟಲ್ ಎಲ್ಲವನ್ನೂ ಲಿನಕ್ಸಿನ ಬ್ರೌಸರಿಗೆ ತನ್ನಿ. ಟ್ಯಾಲಿಯಿಂದ ತೆಗೆದ ರಿಟರ್ನ್ ಕಡತವನ್ನು ಲಿನಕ್ಸ್ ಹಳೆಯ ಡಿಸ್ಕಿನಿಂದ ಓದಿಕೊಳ್ಳುತ್ತದೆ. ತಂದೆಯವರದು ಸ್ವಂತ ಹೆಸರಿನ ವ್ಯಾಪಾರವಾಗಿದ್ದರೆ ಓಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಾದರೆ ಆ ಕೆಲಸವನ್ನು ವಿಂಡೋಸಿನಲ್ಲೇ ಬಿಡಿ. ವ್ಯಾಲೊರಂಟ್‌ಗೆ ಮಾತ್ರ ಇಷ್ಟು ಸಲೀಸು ಉತ್ತರ ಇಲ್ಲ. ಅದು ನೆಟ್ ಇಲ್ಲದೆ ನಡೆಯದು, ಲೆಕ್ಕ ಇರುವ ವಿಂಡೋಸಿನಲ್ಲೇ ಅದೂ ಇರಬೇಕಾಗುತ್ತದೆ. ಆಡಲೇಬೇಕೆಂದು ತಮ್ಮ ಪಟ್ಟು ಹಿಡಿದರೆ ಅವನಿಗೆ ವಿಂಡೋಸಿನಲ್ಲಿ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ, ಟ್ಯಾಲಿ ಫೋಲ್ಡರಿಗೆ ಆ ಖಾತೆಯಿಂದ ಪ್ರವೇಶ ಇಲ್ಲದಂತೆ ಮಾಡಿ, ಬೀರುವಿನಲ್ಲಿರುವ ಪೆನ್‌ಡ್ರೈವಿಗೆ ವಾರಕ್ಕೊಮ್ಮೆ ಹೊಸ ನಕಲು ತೆಗೆಯಿರಿ.